ಸೊಲ್ಲಿಗೆ ಬಿಟ್ಟ ಜಾಗ

ಹಾಡಲು ಅಂಜುವವರಿಗೆ ಯಾವ ಹಾಡು ಸುಲಭ ಎಂದು ಕೇಳಿಕೊಂಡು ಬರುವವರಲ್ಲಿ ಮುಕ್ಕಾಲು ಪಾಲು ಜನ ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ನಿಧಾನದ ಹಾಡು ಕೊಡಿ ಮೇಡಂ, ಎಲ್ಲರಿಗೂ ಗೊತ್ತಿರುವ ಹಾಡು ಕೊಡಿ ಮೇಡಂ, ದುಃಖದ ಹಾಡಾದರೆ ದನಿ ನಡುಗಿದರೂ ನಡೆಯುತ್ತದೆ ಮೇಡಂ. ನಿಧಾನದ ಹಾಡಿನಲ್ಲಿ ಉಸಿರು ಸಾಲುವುದಿಲ್ಲ. ಎಲ್ಲರಿಗೂ ಗೊತ್ತಿರುವ ಹಾಡಿನಲ್ಲಿ ನಿಮ್ಮ ತಪ್ಪೂ ಎಲ್ಲರಿಗೂ ಗೊತ್ತಾಗುತ್ತದೆ. ಇನ್ನು ದುಃಖದ ಹಾಡು ಹಾಡುವವನ ದನಿ ನಡುಗಿದರೆ ಕೇಳುವವರಿಗೆ ನಗು ಬರುತ್ತದೆ. ಅದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಂಜನಗೂಡಿನಲ್ಲಿ ನಮ್ಮ ಮನೆಯ ಮಹಡಿ ಮೇಲೆ ಒಂದು ಕೋಣೆ ಇದೆ. ಎರಡು ಸ್ಪೀಕರು, ಒಂದು ಮಿಕ್ಸರು, ಲ್ಯಾಪ್‌ಟಾಪು, ನನ್ನ ಹಳೆಯ ಕೀಬೋರ್ಡು. ಸಂಜೆ ಹೊತ್ತು ಜನ ಬಂದು ಬರೀ ವಾದ್ಯದ ಟ್ರ್ಯಾಕ್ ಹಾಕಿಸಿಕೊಂಡು ಹಾಡುತ್ತಾರೆ. ಮದುವೆ, ಗೃಹಪ್ರವೇಶ, ಬೀಳ್ಕೊಡುಗೆ ಏನಾದರೂ ಇದ್ದರೆ ನಾನೇ ಸಾಮಾನು ಹೊತ್ತುಕೊಂಡು ಹೋಗುತ್ತೇನೆ. ಬರುವವರಲ್ಲಿ ಎರಡು ಪಂಗಡ: ಮೈಕು ಸಿಕ್ಕರೆ ಬಿಡದವರು, ಮೈಕು ಕೊಟ್ಟರೆ ಚಪ್ಪಲಿ ಹುಡುಕುವವರು. ಮೊದಲನೆಯವರಿಂದ ನನ್ನ ಒಲೆ ಉರಿಯುತ್ತದೆ, ಇಲ್ಲ ಅನ್ನುವುದಿಲ್ಲ. ಮನಸ್ಸು ಮಾತ್ರ ಎರಡನೆಯವರ ಕಡೆಗೇ ಜಗ್ಗುತ್ತದೆ. ನಾನು ಆರ್ಕೆಸ್ಟ್ರಾಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತು ಕೋರಸ್ ಹಾಡಿದವಳು. ಮುಂದಿನ ಮೈಕಿನ ಎದುರು ನಿಲ್ಲಿಸಿದರೆ ಬಾಯಿಪಾಠವಾದ ಸಾಲೂ ಹೇಗೆ ಮರೆತುಹೋಗುತ್ತದೆ ಎಂದು ನನಗೆ ಗೊತ್ತು.

ಒಂದು ಸಂಜೆ ಆಸ್ಪತ್ರೆಯ ಯೂನಿಫಾರಂನಲ್ಲೇ ಒಬ್ಬ ಹುಡುಗಿ ಬಂದಳು. ಊರಿನಲ್ಲೇ ಸ್ಟಾಫ್ ನರ್ಸು, ಡ್ಯೂಟಿ ಮುಗಿಸಿಕೊಂಡು ನೇರ ಬಂದಿದ್ದಳು. ತಿ. ನರಸೀಪುರದ ಹುಡುಗನ ಜೊತೆ ಮದುವೆ ನಿಶ್ಚಯವಾಗಿದೆ ಎಂದಳು. ಗಂಡಿನ ದೊಡ್ಡಪ್ಪನಿಗೆ ಕರೋಕೆ ಹುಚ್ಚಂತೆ; ಗೆಳೆಯರ ಒಂದು ಗುಂಪನ್ನೇ ಕಟ್ಟಿಕೊಂಡಿದ್ದಾರಂತೆ. ಮುಹೂರ್ತದ ಹಿಂದಿನ ಸಂಜೆ ಆರತಕ್ಷತೆಯಲ್ಲಿ ಎರಡೂ ಕಡೆಯ ತಂದೆತಾಯಿ ಒಂದೊಂದು ಹಾಡು ಹೇಳಲೇಬೇಕು ಎಂದು ಅವರ ಅಪ್ಪಣೆಯಾಗಿತ್ತು. ಅಪ್ಪನಿಗೆ ಏನೋ ಒಂದು ಹೇಳಿಕೊಡಿ, ಅವರು ಹೇಗೋ ದಾಟುತ್ತಾರೆ ಎಂದಳು. ಆಮೇಲೆ ಬ್ಯಾಗಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವ್ವನ ಮಾತು ತೆಗೆದಳು.

"ನಮ್ಮೂರಲ್ಲಿ ಯಾರ್ ಮನೆ ಮದ್ವೆ ಆದ್ರೂ ಸೋಬಾನೆ ಹೇಳಕ್ಕೆ ನಮ್ಮವ್ವನ್ನೇ ಕರೀತಿದ್ರು ಮೇಡಂ. ಗಂಟ್ಲು ಆಪ್ರೇಷನ್ ಆದ್ಮೇಲೆ ಬಾಯೇ ಬಿಟ್ಟಿಲ್ಲ. ಊರ್ ಹೆಣ್ಮಕ್ಕಳ್ಗೆಲ್ಲ ಹಾಡಿ ಕಳಿಸ್ದೋಳು, ನನ್ ಮದ್ವೇಲಿ ಮೂಕಿ ತರ ನಿಂತ್ಕತೀನಿ ಅಂತಾಳೆ. ಒಂದೇ ಒಂದು ಹಾಡು ಕೊಡಿ, ಸುಲಭದ್ದು."

ಆಪರೇಷನ್ ಆಗಿದ್ದು ಥೈರಾಯ್ಡಿಗೆ. ಜೀವಕ್ಕೆ ಏನೂ ತೊಂದರೆಯಾಗಲಿಲ್ಲ, ದನಿ ಮಾತ್ರ ಇಳಿದುಹೋಯಿತು. ಅದಾದ ಮೇಲೆ ನೆಂಟರ ಮದುವೆಯಲ್ಲಿ ಅಭ್ಯಾಸಬಲದಿಂದ ಒಂದು ಪದ ಎತ್ತಿಕೊಂಡಾಗ ಯಾರೋ, ನೀನು ಬಿಡವ್ವ, ಬೇರೆಯವರು ಹೇಳಲಿ ಎಂದಿದ್ದರು. ಅಂದಿನಿಂದ ಮೌನ. ಹುಡುಗಿ ತನ್ನ ಫೋನಿನಲ್ಲಿದ್ದ ಹಳೆಯ ವಿಡಿಯೋ ಒಂದನ್ನು ತೋರಿಸಿದಳು. ಚಪ್ಪರದ ಕೆಳಗೆ ಹೆಂಗಸರ ಗುಂಪು, ನಡುವೆ ಆಕೆಯ ತಾಯಿ. ದನಿ ಎಂದರೆ ದನಿ! ಗರಿ ಬಿಚ್ಚಿಕೊಂಡು ಮೇಲಕ್ಕೆ ಹೋಗುತ್ತಿತ್ತು. ಸುತ್ತಲಿನ ಹೆಂಗಸರಲ್ಲಿ ಒಂದಿಬ್ಬರು ಹೇಗೋ ಜೊತೆಗೆ ಎಟುಕಿಸಿಕೊಂಡಿದ್ದರು, ಉಳಿದವರು ಬಾಯಿ ಮಾತ್ರ ಆಡಿಸುತ್ತಿದ್ದರು. ಅಂಥ ದನಿ ಕಳೆದುಕೊಂಡವರಿಗೆ ಸುಲಭದ ಹಾಡು ಕೊಡುವುದು ಎಂದರೆ ಮೃಷ್ಟಾನ್ನ ಉಂಡವರಿಗೆ ಗಂಜಿ ಬಡಿಸಿದ ಹಾಗೆ ಎಂದು ನನಗೆ ಅಲ್ಲೇ ಅನ್ನಿಸಿತು. ಆದರೂ ಒಪ್ಪಿಕೊಂಡೆ. ಆ ಹುಡುಗಿ ಬ್ಯಾಗಿನ ಪಟ್ಟಿ ಹಿಡಿದುಕೊಂಡಿದ್ದ ರೀತಿ ನೋಡಿದರೆ ಯಾರೂ ಒಪ್ಪಿಕೊಳ್ಳುತ್ತಿದ್ದರು.

ಭಾನುವಾರ ಚಿಕ್ಕ ಸ್ಪೀಕರು, ಮೈಕು, ಲ್ಯಾಪ್‌ಟಾಪು ಹಿಡಿದು ಹುಲ್ಲಹಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ನಾಲೆ ಏರಿಯ ಮೇಲೆ ಆಟೋದಲ್ಲಿ ಅವರ ಊರು. ಹುಡುಗಿಯ ತಂದೆ ಹಾಲಿನ ಡೇರಿಯ ಕಾರ್ಯದರ್ಶಿ, ಬಾಗಿಲಲ್ಲೇ ಕಾಯುತ್ತಿದ್ದರು. ತಮ್ಮ ಹಾಡನ್ನು ತಾವೇ ಆರಿಸಿಟ್ಟಿದ್ದರು. ಕಥಾನಾಯಕ ಬೆಟ್ಟದ ತುದಿಯಲ್ಲಿ ನಿಂತು ಕೈ ಚಾಚಿಕೊಂಡು ಹಾಡುವಂಥದ್ದು. ಪಲ್ಲವಿಯ ಮೊದಲ ಸಾಲು ಮುಗಿಯುವ ಮೊದಲೇ ಕಾರ್ಯದರ್ಶಿಗಳ ಕುತ್ತಿಗೆಯ ನರ ಎದ್ದು ನಿಂತಿತು, ಕೊಟ್ಟಿಗೆಯಲ್ಲಿ ಹಸು ಎದ್ದು ನಿಂತಿತು. ಸ್ಕೇಲು ಇಳಿಸುತ್ತೇನೆ, ಹಾಡು ತಗ್ಗಿನಲ್ಲಿ ಕೂರುತ್ತದೆ ಎಂದರೆ, ಬೀಗರ ಮುಂದೆ ಇಳಿಸಿದರೆ ಮರ್ಯಾದೆ ಏನಾದೀತು ಎಂದು ಕೇಳಿದರು.

ನನ್ನದೊಂದು ಪದ್ಧತಿ ಇದೆ. ಅಂಜುವವರಿಗೆ ಮೊದಲು ಹಾಡಿ ಎನ್ನುವುದಿಲ್ಲ, ಮಾತಾಡಿ ಎನ್ನುತ್ತೇನೆ. ಮಾತಾಡುವಾಗ ದನಿ ಎಲ್ಲಿ ಕೂತಿರುತ್ತದೋ ಅದೇ ಅವರ ಮನೆ. ಅಲ್ಲಿಂದ ಎರಡು ಮೆಟ್ಟಿಲು ಕೆಳಗೆ, ನಾಲ್ಕು ಮೆಟ್ಟಿಲು ಮೇಲೆ ಓಡಾಡುವ ರಾಗವಾದರೆ ಯಾರು ಬೇಕಾದರೂ ಹಾಡಬಹುದು. ಸಾಲು ಚಿಕ್ಕದಿರಬೇಕು. ತಾಳದ ಏಟಿನ ಮೇಲೇ ಪದ ಶುರುವಾಗಬೇಕು. ಏಟು ಬಿಟ್ಟು ಶುರುವಾಗುವ ಹಾಡಿನಲ್ಲಿ ಹೊಸಬರು ಮುಗ್ಗರಿಸುತ್ತಾರೆ. ನಡುವೆ ಬರುವ ಬರೀ ವಾದ್ಯದ ಭಾಗ ಉದ್ದವಿರಬಾರದು, ಏಕೆಂದರೆ ಅಷ್ಟು ಹೊತ್ತು ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕು ಎಂಬುದೇ ದೊಡ್ಡ ಚಿಂತೆಯಾಗಿ ಮುಂದಿನ ಸಾಲು ಮರೆತುಹೋಗುತ್ತದೆ. ಸಾಹಿತ್ಯ ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಕಾಣಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಓದಿ ಓದಿ ಎಷ್ಟು ಹಾಡುಗಳು ಸತ್ತಿವೆಯೋ ದೇವರೇ ಬಲ್ಲ.

ಕಾರ್ಯದರ್ಶಿಗಳಿಗೆ, ಡೇರಿ ಮೈಕಿನಲ್ಲಿ ಊರಿಗೆ ಹೇಗೆ ಹೇಳುತ್ತಾರೋ ಹಾಗೇ ಹೇಳಲು ಹೇಳಿದೆ. ಹಾಲು ತರುವವರು ಬೇಗ ತನ್ನಿ, ಗಾಡಿ ಬರುವ ಹೊತ್ತಾಯಿತು ಎಂದು ಎದೆ ತುಂಬಿ ಹೇಳಿದರು. ಗುಂಡಗಿನ, ಭರವಸೆಯ ದನಿ. ಅದೇ ಜಾಗದಲ್ಲಿ ನಿಂತು ಹೇಳುವಂಥ, ಮಾತಿನ ಹಾಗೇ ಇರುವ ತಮಾಷೆಯ ಹಾಡೊಂದನ್ನು ಹಾಕಿದೆ. ಎರಡನೆಯ ಸಲಕ್ಕೇ ಹಿಡಿದುಕೊಂಡರು. ಮೂರನೆಯ ಸಲ ಕೈ ಕೂಡ ಚಾಚಿದರು. ಬೆಟ್ಟ ಇಲ್ಲದಿದ್ದರೇನು, ಜಗುಲಿ ಇತ್ತು.

ತಾಯಿ ಮಾತ್ರ ಹೊರಗೆ ಬಂದು ಕೂರಲಿಲ್ಲ. ಕಾಫಿ ಕೊಟ್ಟು ಒಳಗೆ ಹೋದರು, ತಿಂಡಿ ಕೊಟ್ಟು ಒಳಗೆ ಹೋದರು. ನಾನು ಕೊಟ್ಟಿಗೆಯ ಕಡೆ ಕಿವಿ ಇಟ್ಟು ಕೂತೆ. ಅವರು ಕರುವನ್ನು ಕರೆಯುವುದು, ಕೋಳಿ ಅಟ್ಟುವುದು, ಗಂಡನಿಗೆ ಟವೆಲು ಎಲ್ಲಿದೆ ಎಂದು ಕೂಗಿ ಹೇಳುವುದು, ಎಲ್ಲ ಕೇಳಿದೆ. ದನಿ ತಗ್ಗಿನದು, ಸ್ವಲ್ಪ ಒರಟು. ಆದರೆ ಇದ್ದ ಐದಾರು ಸ್ವರದಲ್ಲಿ ಒಂದೂ ಅಲುಗಾಡುತ್ತಿರಲಿಲ್ಲ. ಕರುವನ್ನು ಕರೆಯುವಾಗಲೂ ಶ್ರುತಿಯಲ್ಲೇ ಕರೆಯುತ್ತಿದ್ದರು. ಇಷ್ಟು ಸಾಕು, ಗೆದ್ದೆ ಎಂದುಕೊಂಡೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುವುದು ಇಂಥ ಹೊತ್ತಿಗೇ.

ಮುಂದಿನ ಭಾನುವಾರಕ್ಕೆ ಹಳೆಯ ಸಿನಿಮಾವೊಂದರ ಮದುವೆಮನೆ ಹಾಡನ್ನು ಆರಿಸಿಕೊಂಡು ಹೋದೆ. ರಾಗ ಐದು ಸ್ವರದಾಚೆ ಹೋಗುವುದಿಲ್ಲ, ಸಾಲುಗಳು ಪುಟ್ಟವು. ಅವರ ದನಿಗೆ ಸರಿಯಾಗಿ ಸ್ಕೇಲು ಇಳಿಸಿದೆ. ಇಳಿಸಿದ್ದು ಹೆಚ್ಚಾಗಿ ತಬಲಾ ಒದ್ದೆ ಗೋಣಿಚೀಲ ಬಡಿದ ಹಾಗೆ ಕೇಳಿಸಿತು. ಟ್ರ್ಯಾಕನ್ನು ಒಂದು ಮಿತಿಗಿಂತ ಕೆಳಕ್ಕೆ ತಳ್ಳಿದರೆ ಹಾಗೇ ಆಗುವುದು. ಹಾಗಾಗಿ ನನ್ನ ಕೀಬೋರ್ಡಿನಲ್ಲಿ ಆ ಹಾಡನ್ನು ಅವರ ಸ್ಕೇಲಿಗೇ ಹೊಸದಾಗಿ ನುಡಿಸಿ, ತಬಲಾ ಬೇರೆ ಕೂಡಿಸಿ, ದಾರಿ ತೋರಿಸಲು ಸಣ್ಣಗೆ ಕೊಳಲು ಇಟ್ಟು ಟ್ರ್ಯಾಕ್ ಮಾಡಿದೆ. ಮಗಳು ಅವ್ವನ ಕೈಹಿಡಿದು ತಂದು ಕೂರಿಸಿದಳು. ಮೈಕು ಬೇಡ, ಬರಿ ಬಾಯಲ್ಲಿ ಹೇಳಿ ಎಂದೆ.

ಮೊದಲ ಸಾಲು ಚೆನ್ನಾಗಿಯೇ ಹೇಳಿದರು. ಹೇಳಿ ನಿಂತುಬಿಟ್ಟರು. ಟ್ರ್ಯಾಕ್ ನಿಲ್ಲಲಿಲ್ಲ. ಅವರು ಎರಡನೆಯ ಸಾಲು ಎತ್ತಿಕೊಳ್ಳುವಷ್ಟರಲ್ಲಿ ಕೊಳಲು ಮೂರನೆಯದರಲ್ಲಿತ್ತು. ಸಾಲು ಮರೆತಿರಬೇಕು ಎಂದು ಅಕ್ಷರ ದೊಡ್ಡದು ಮಾಡಿದೆ. ಮತ್ತೆ ಅದೇ. ಉಸಿರು ಸಾಲುತ್ತಿಲ್ಲವೇನೋ ಎಂದು ವೇಗ ಸ್ವಲ್ಪ ಹೆಚ್ಚಿಸಿ ಸಾಲನ್ನು ಇನ್ನೂ ಚಿಕ್ಕದು ಮಾಡಿದೆ. ಮತ್ತೂ ಅದೇ. ಎಲ್ಲಿ ಶುರು ಮಾಡಬೇಕೋ ಅಲ್ಲಿ ಬೆರಳೆತ್ತಿ ಸನ್ನೆ ಮಾಡಿದೆ. ನನ್ನ ಬೆರಳನ್ನೇ ನೋಡುತ್ತಾ ಕೂತರು. ಮಗಳು ಗೋಡೆಗೆ ಒರಗಿ ನಿಂತು ಉಗುರು ಕಚ್ಚುತ್ತಿದ್ದಳು.

ದನಿ ಚೆನ್ನಾಗಿದೆ ಎಂದು ಧೈರ್ಯ ತುಂಬೋಣವೆಂದು ಅವರು ಹಾಡಿದ್ದ ಒಂದೆರಡು ಸಾಲನ್ನು ರೆಕಾರ್ಡ್ ಮಾಡಿದ್ದನ್ನು ಹಾಕಿ ಕೇಳಿಸಿದೆ. ಮಾಡಬಾರದ ಕೆಲಸ. ಅವರು ಸ್ಪೀಕರನ್ನೇ ನೋಡಿದರು. ಆಮೇಲೆ ಸೆರಗನ್ನು ಕುತ್ತಿಗೆಯ ಗಾಯದ ಗುರುತಿನ ಮೇಲೆ ಎಳೆದುಕೊಂಡರು.

"ಇದು ಗಂಡಸ್ನ ಗಂಟ್ಲು ಕಣ್ ತಾಯಿ. ನಂದಲ್ಲ. ಆ ನಿಮ್ ಮಿಷಿನ್ನೂ ಒಂದ್ ಗಳ್ಗೆ ಕಾಯಕಿಲ್ಲ. ಬುಟ್ಬುಡಿ."

ಎದ್ದು ಒಳಗೆ ಹೋದರು. ಮಗಳು ಅವರ ಹಿಂದೆ ಹೋಗಲಿಲ್ಲ, ಕೂತು ಸ್ಪೀಕರಿನ ವೈರು ಸುತ್ತತೊಡಗಿದಳು. ಬಸ್ಸಿನಲ್ಲಿ ಕೂತು ಬರುವಾಗ ನನಗೆ ನನ್ನ ಮೇಲೇ ಸಿಟ್ಟು. ಸುಲಭದ ಹಾಡು ಆರಿಸುವುದರಲ್ಲಿ ನಾನು ಪಳಗಿದವಳು ಎಂಬ ಜಂಬ ಒಂದಿತ್ತಲ್ಲ, ಅದು ಹುಲ್ಲಹಳ್ಳಿಯಲ್ಲೇ ಇಳಿದುಹೋಗಿತ್ತು. ಮದುವೆ ಹತ್ತಿರ ಬರುತ್ತಿತ್ತು. ಕೆಲಸ ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ.

ಸೋಲನ್ನು ಒಪ್ಪಿಕೊಂಡು ತಂದೆಯ ಹಾಡಿಗೊಂದು ಕೊನೆಯ ಅಭ್ಯಾಸ ಮಾಡಿಸಿ ಬರೋಣವೆಂದು ಮತ್ತೊಮ್ಮೆ ಹೋದ ದಿನ ಅವರ ಮನೆಯಲ್ಲಿ ಅರಿಶಿನ ಕುಟ್ಟುವ ಶಾಸ್ತ್ರ. ಅಂಗಳದಲ್ಲಿ ಒರಳು, ಒನಕೆಗೆ ಸುಣ್ಣ ಅರಿಶಿನದ ಪಟ್ಟೆ, ಮುತ್ತೈದೆಯರು. ಪಕ್ಕದ ಮನೆಯ ಹೆಂಗಸು ಪದ ಹೇಳುತ್ತಿದ್ದಳು. ಆಪರೇಷನ್ನಿನ ನಂತರ ಊರಿನಲ್ಲಿ ಆ ಕೆಲಸ ಆಕೆಯ ಪಾಲಿಗೆ ಬಂದಿತ್ತು. ಆಕೆ ಒಂದು ಸಾಲು ಹೇಳುವುದು, ಉಳಿದವರು ಅದನ್ನೇ ತಿರುಗಿ ಹೇಳುವುದು. ಇದಕ್ಕೆ ಸೊಲ್ಲು ಕೊಡುವುದು ಎನ್ನುತ್ತಾರೆ. ಸೊಲ್ಲು ನಡೆಯುವಷ್ಟು ಹೊತ್ತು ಪದ ಹೇಳುವವರಿಗೆ ಬಿಡುವು; ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನಪಿಸಿಕೊಳ್ಳಬಹುದು.

ತಾಯಿ ಹಿಂದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಪಕ್ಕದ ಮನೆಯವಳಿಗೆ ಪದ ಪೂರ್ತಿ ಬರುತ್ತಿರಲಿಲ್ಲ. ಅವಳು ತಡವರಿಸಿದಾಗಲೆಲ್ಲ ಇವರು ಮುಂದಿನ ಸಾಲಿನ ಮೊದಲ ಪದವನ್ನು ಸಣ್ಣಗೆ ಎತ್ತಿಕೊಡುತ್ತಿದ್ದರು. ಎತ್ತಿಕೊಡುವುದು ಯಾವಾಗ? ಸೊಲ್ಲು ಮುಗಿಯುವ ಕೊನೆಯ ಏಟಿನ ಮೇಲೆ. ಅದಕ್ಕಿಂತ ಒಂದು ಚೂರು ಮುಂಚೆಯಲ್ಲ, ಒಂದು ಚೂರು ತಡವಾಗಿಯೂ ಅಲ್ಲ. ತಾಳ ಅವರ ಮೈಯೊಳಗೇ ಇತ್ತು.

ನಾನು ಅಲ್ಲೇ ಜಗುಲಿಯ ಮೇಲೆ ಕೂತುಬಿಟ್ಟೆ. ಅವರು ಸಾಲು ಮರೆತಿರಲಿಲ್ಲ, ಉಸಿರು ಕಟ್ಟಿರಲಿಲ್ಲ, ತಾಳ ತಪ್ಪಿರಲಿಲ್ಲ. ಒಂದು ಸಾಲು ಹೇಳಿದ ಮೇಲೆ ಎದುರಿನವರಿಗೆ ಜಾಗ ಬಿಡುವುದು ಅವರ ಹಾಡಿಕೆಯ ರೀತಿ. ಜೀವಮಾನವೆಲ್ಲ ಹಾಗೇ ಹಾಡಿದವರು. ನನ್ನ ಟ್ರ್ಯಾಕು ಆ ಜಾಗವನ್ನೇ ಕೊಡದೆ ಓಡುತ್ತಿತ್ತು. ಎದುರಿನಿಂದ ಯಾರೂ ತಿರುಗಿ ಹೇಳದೆ ಇದ್ದಾಗ ಅವರಿಗೆ ಮುಂದಿನ ಸಾಲು ಎಲ್ಲಿಂದ ಹುಟ್ಟಬೇಕು?

ಅವತ್ತೇ ತೀರ್ಮಾನ ಮಾಡಿದೆ. ಹಾಡು ಬದಲಾಯಿಸುವುದಿಲ್ಲ, ಹಾಡುವವರನ್ನೂ ತಿದ್ದುವುದಿಲ್ಲ, ಟ್ರ್ಯಾಕನ್ನೇ ಕತ್ತರಿಸುತ್ತೇನೆ. ಮನೆಗೆ ಬಂದು ಪ್ರತಿ ಸಾಲಿನ ಬೆನ್ನಿಗೆ ಅಷ್ಟೇ ಉದ್ದದ ಇನ್ನೊಂದು ತುಂಡು ಸೇರಿಸಿದೆ. ಮೊದಲು ಸಾಲನ್ನೇ ನಕಲು ಮಾಡಿ ಅಂಟಿಸಿದೆ. ಬೆಸುಗೆಯ ಜಾಗದಲ್ಲಿ ಟ್ರ್ಯಾಕ್ ಎತ್ತಿನ ಗಾಡಿ ಗುಂಡಿಗೆ ಇಳಿದ ಹಾಗೆ ಜಗ್ಗಿತು. ಹಿಂದಿನ ಸಾಲಿನ ಎಕೋ ಬಾಲ ತುಂಡಾಗಿ ಉಳಿಯುತ್ತಿತ್ತು. ಕೊನೆಗೆ ಸೊಲ್ಲಿನ ಜಾಗದಲ್ಲಿ ಕೊಳಲು, ಪಿಟೀಲು ಎಲ್ಲ ತೆಗೆದು ಬರೀ ತಬಲಾ ಮತ್ತು ಶ್ರುತಿ ಉಳಿಸಿದೆ. ಆಗ ಸರಿಹೋಯಿತು. ಬರೀ ತಬಲಾ ಕೇಳಿದರೆ ಮನುಷ್ಯರಿಗೆ ತಾವೇ ಏನಾದರೂ ಹೇಳಬೇಕು ಅನ್ನಿಸುತ್ತದೆ.

ಪಕ್ಕದ ಮನೆಯವಳನ್ನೂ ಸೊಲ್ಲಿನ ಹೆಂಗಸರನ್ನೂ ಸೇರಿಸಿ ಅಂಗಳದಲ್ಲಿ ಅಭ್ಯಾಸ ಇಟ್ಟುಕೊಂಡೆವು. ಇವತ್ತೊಂದು ಸಲ ಮಾತ್ರ, ಆಗದಿದ್ದರೆ ಇನ್ನೆಂದೂ ಕೇಳುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದೆ. ಅವರು ನೆಲ ನೋಡಿಕೊಂಡು ಮೊದಲ ಸಾಲು ಹೇಳಿದರು, ನಿಲ್ಲಿಸಿದರು. ಹೆಂಗಸರು ತಿರುಗಿ ಹೇಳಿದರು. ತಬಲಾದ ಕೊನೆಯ ಏಟಿಗೆ ಸರಿಯಾಗಿ ಎರಡನೆಯ ಸಾಲು ಬಂತು. ಪೂರ್ತಿ ಹಾಡು ಮುಗಿಯಿತು. ಮಗಳು ಅಡುಗೆಮನೆಗೆ ಓಡಿಹೋದಳು. ಅಳುವುದಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು. ತಾಯಿ ಮಾತ್ರ, ಇಷ್ಟು ಜನ ಜೊತೆಗಿದ್ದರೆ ನನ್ನ ದನಿ ಯಾರಿಗೂ ಕೇಳಿಸುವುದಿಲ್ಲ, ಹಾಗಾದರೆ ಹೇಳುತ್ತೇನೆ ಎಂದರು. ಅವರ ಧೈರ್ಯವೆಲ್ಲ ಆ ಹೆಂಗಸರ ಮೇಲೆ ನಿಂತಿತ್ತು.

ಆರತಕ್ಷತೆಯ ದಿನ ಮಧ್ಯಾಹ್ನವೇ ತಿ. ನರಸೀಪುರದ ಛತ್ರಕ್ಕೆ ಹೋಗಿ ಸ್ಪೀಕರು ಕಟ್ಟಿದೆ. ಛತ್ರದ ಗೋಡೆಗಳು ಬೋಳು, ದನಿ ಎಗರಿ ಎಗರಿ ವಾಪಸು ಬರುತ್ತಿತ್ತು. ಎಕೋ ಪೂರ್ತಿ ತೆಗೆದು, ಹಾಡುವವರಿಗೆ ತಮ್ಮ ದನಿ ಕೇಳಿಸಲೆಂದು ವೇದಿಕೆಯ ಮೇಲೊಂದು ಚಿಕ್ಕ ಸ್ಪೀಕರು ಅವರ ಕಡೆ ತಿರುಗಿಸಿಟ್ಟೆ. ಲ್ಯಾಪ್‌ಟಾಪಿನಲ್ಲಿ ತಾಯಿಯ ಹಾಡು ಎರಡು ಬಗೆಯದು ಇತ್ತು: ಜಾಗ ಬಿಟ್ಟಿದ್ದು, ಬಿಡದೆ ಇದ್ದದ್ದು. ದೊಡ್ಡಪ್ಪನವರ ಜೊತೆ ಮಾತಾಡಿ, ಹೆಣ್ಣಿನ ತಾಯಿಯ ಹಾಡು ಕೊನೆಯಲ್ಲಿ, ಅವರ ಊರಿನ ಹೆಂಗಸರು ಪಕ್ಕದಲ್ಲಿ ನಿಲ್ಲುತ್ತಾರೆ ಎಂದು ಒಪ್ಪಿಸಿದ್ದೆ. ದೊಡ್ಡಪ್ಪ ಒಳ್ಳೆಯ ಮನುಷ್ಯರು. ಒಳ್ಳೆಯವರಾದರೂ ಮೈಕು ಬಿಡದವರ ಪಂಗಡ.

ದೀಪ ಹಚ್ಚುವ ಹೊತ್ತಿಗೆ ಕಾರ್ಯಕ್ರಮ ಶುರುವಾಯಿತು. ದೊಡ್ಡಪ್ಪ ಒಂದು ಹೇಳಿ, ಜನ ಚಪ್ಪಾಳೆ ತಟ್ಟಿದ್ದಕ್ಕೆ ಇನ್ನೊಂದು ಹೇಳಿದರು. ಗಂಡಿನ ತಂದೆ ಒಂದು ಹೇಳಿದರು; ಗಂಡಿನ ತಾಯಿ, ನನಗೆ ಬರೋದು ಅಡುಗೆ ಮಾತ್ರ ಎಂದು ಕೈಮುಗಿದು ತಪ್ಪಿಸಿಕೊಂಡರು. ಕಾರ್ಯದರ್ಶಿಗಳ ಸರದಿ ಬಂತು. ಡೇರಿಯ ದನಿಯಲ್ಲೇ ನಿಂತು, ಕೈ ಚಾಚಿ, ಒಂದು ಸಾಲೂ ಮುಗ್ಗರಿಸದೆ ಹಾಡಿ ಮುಗಿಸಿದರು. ಸಭೆ ಶಿಳ್ಳೆ ಹಾಕಿತು. ದೊಡ್ಡಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಹಿಂದುಮುಂದು ನೋಡದೆ ಮೈಕು ಕಿತ್ತುಕೊಂಡು, ಈಗ ಹೆಣ್ಣಿನ ತಾಯಿಯವರು ಎಂದು ಘೋಷಿಸಿಯೇಬಿಟ್ಟರು.

ನಾನು ಹೆಂಗಸರಿಗಾಗಿ ನೋಡಿದೆ. ಅವರು ಕೂತಿದ್ದ ಕುರ್ಚಿಗಳೆಲ್ಲ ಖಾಲಿ. ಹೆಣ್ಣಿನ ಕಡೆಯವರು ಮೊದಲು ಏಳಿ ಎಂದು ಬೀಗರು ಬಂದು ಉಪಚಾರ ಮಾಡಿ ಮೊದಲ ಪಂಕ್ತಿಗೆ ಕರೆದುಕೊಂಡು ಹೋಗಿದ್ದರು. ಬೀಗರು ಕರೆದಾಗ ಒಲ್ಲೆ ಎನ್ನುವಂತಿಲ್ಲ. ಕಾರ್ಯದರ್ಶಿಗಳು ಊಟದ ಮನೆಗೆ ಓಡಿಹೋಗಿ ಓಡಿಬಂದರು. ಎಲೆ ಹಾಕಿ ಪಾಯಸ ಬಡಿಸಿಯಾಗಿದೆ, ಎಲೆ ಮುಂದಿನಿಂದ ಎದ್ದರೆ ಬೀಗರಿಗೆ ಅವಮಾನ, ಹೇಗೆ ಎಬ್ಬಿಸುವುದು ಎಂದು ಕೈ ಚೆಲ್ಲಿದರು.

ಅಷ್ಟರಲ್ಲಿ ತಾಯಿ ವೇದಿಕೆ ಹತ್ತಿಯಾಗಿತ್ತು. ಯಾರೋ ಕೈಗೆ ಮೈಕು ಕೊಟ್ಟಿದ್ದರು. ಮದುಮಗಳು ಹೂವಿನ ಹಾರದ ಭಾರದಲ್ಲಿ ಕತ್ತು ಹೊರಳಿಸಿ ಒಮ್ಮೆ ಅವ್ವನನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ಜಾಗ ಬಿಡದ ಟ್ರ್ಯಾಕ್ ಹಾಕಿದರೆ ಅದು ಅವರನ್ನು ಬಿಟ್ಟು ಓಡುತ್ತದೆ. ಜಾಗ ಬಿಟ್ಟದ್ದನ್ನು ಹಾಕಿದರೆ ಪ್ರತಿ ಸಾಲು ಮುಗಿದಾಗಲೂ ಇಡೀ ಛತ್ರ ಅವರ ಒಂಟಿತನವನ್ನು ನೋಡುತ್ತದೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದರೆ ಕಾರ್ಯಕ್ರಮವನ್ನೇ ನಿಲ್ಲಿಸಬೇಕು. ಕರೆಂಟು ಹೋಯಿತು ಎಂದು ವೈರು ಕಿತ್ತುಬಿಡಲೇ ಎಂದೂ ಯೋಚಿಸಿದೆ. ವೇದಿಕೆಯ ಅಂಚಿಗೆ ಹೋಗಿ, ಅವರು ಯಾರೂ ಇಲ್ಲ ಅಮ್ಮ, ಬೇಡವಾದರೆ ಬಿಡೋಣ ಎಂದು ಪಿಸುಗುಟ್ಟಿದೆ.

ಅವರು ಖಾಲಿ ಕುರ್ಚಿಗಳನ್ನು ನೋಡಿದರು. ಮಗಳನ್ನು ನೋಡಿದರು.

"ಜಾಗ ಇರೋದ್ನೇ ಆಕು ತಾಯಿ," ಎಂದರು.

ಹಾಕಿದೆ. ಮೊದಲ ಸಾಲು ಹೇಳಿದರು. ತಗ್ಗಿನ ದನಿ, ಕೆಮ್ಮಿನ ಎಳೆಯೊಂದು ಅದರಲ್ಲಿ. ನಿಲ್ಲಿಸಿದರು. ಬರೀ ತಬಲಾ. ಸಭೆಯಲ್ಲಿ ಕುರ್ಚಿ ಎಳೆದ ಸದ್ದು, ಒಂದು ಮಗುವಿನ ಅಳು. ಪ್ರೋಗ್ರಾಂ ಕೆಟ್ಟಿತೇನೋ ಎಂದು ದೊಡ್ಡಪ್ಪ ನನ್ನ ಕಡೆ ಬಗ್ಗಿ ನೋಡಿದರು. ನನ್ನ ಬೆರಳು ಜಾಗವನ್ನು ದಾಟಿಸುವ ಗುಂಡಿಯ ಮೇಲಿತ್ತು. ಒತ್ತಲಿಲ್ಲ. ಅವರೇ ಬೇಕೆಂದ ಜಾಗ ಅದು, ನಾನು ಮುಚ್ಚಬಾರದು ಅನ್ನಿಸಿತು. ಕೊನೆಯ ಏಟಿಗೆ ಎರಡನೆಯ ಸಾಲು ಬಂತು. ಮತ್ತೆ ನಿಲ್ಲಿಸಿದರು.

ಈ ಸಲ ತಬಲಾದ ಜೊತೆ ಒಂದು ದನಿ ಇತ್ತು. ಎಲ್ಲಿಂದ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಕುಂಕುಮದ ತಟ್ಟೆ ಹಿಡಿದು ಬಾಗಿಲ ಬಳಿ ನಿಂತಿದ್ದ ಗಂಡಿನ ತಾಯಿ, ನನಗೆ ಬರೋದು ಅಡುಗೆ ಮಾತ್ರ ಎಂದಿದ್ದವರು, ಆ ಸಾಲನ್ನು ತಿರುಗಿ ಹೇಳುತ್ತಿದ್ದರು. ಸೊಲ್ಲು ಕೊಡುವುದನ್ನು ಹಾಡು ಎಂದು ಅವರು ಯಾವತ್ತೂ ಲೆಕ್ಕಕ್ಕೆ ಇಟ್ಟಿರಲಿಲ್ಲ, ಅಷ್ಟೆ. ಮೂರನೆಯ ಸಾಲಿಗೆ ಮುಂದಿನ ಕುರ್ಚಿಗಳಲ್ಲಿ ಕೂತಿದ್ದ ಅವರ ಕಡೆಯ ಮುದುಕಿಯರು ಸೇರಿದರು. ಆಮೇಲೆ ಸೊಸೆಯರು. ಯಾರಿಗೂ ಯಾರೂ ಏನೂ ಹೇಳಿಕೊಡಲಿಲ್ಲ. ಎದುರಿನವರು ಒಂದು ಸಾಲು ಹೇಳಿ ಜಾಗ ಬಿಟ್ಟರೆ ಏನು ಮಾಡಬೇಕೆಂದು ಹುಲ್ಲಹಳ್ಳಿ ಕಡೆಯವರಿಗೂ ಗೊತ್ತಿತ್ತು, ನರಸೀಪುರದ ಕಡೆಯವರಿಗೂ ಗೊತ್ತಿತ್ತು. ಚರಣಕ್ಕೆ ಬರುವಷ್ಟರಲ್ಲಿ ಸೊಲ್ಲು ಎಷ್ಟು ಜೋರಾಯಿತೆಂದರೆ ನಾನು ಸ್ಪೀಕರು ತಗ್ಗಿಸಬೇಕಾಯಿತು. ತಾಯಿ ಮೈಕನ್ನು ಎದೆಯಿಂದ ದೂರ ಹಿಡಿದು, ಬೆನ್ನು ನೆಟ್ಟಗೆ ಮಾಡಿಕೊಂಡು, ಹಳೆಯ ವಿಡಿಯೋದಲ್ಲಿ ನಿಂತಿದ್ದ ಹಾಗೇ ನಿಂತಿದ್ದರು.

ಹಾಡು ಮುಗಿದ ಮೇಲೆ ಗಂಡಿನ ತಾಯಿ ತಟ್ಟೆಯೊಂದಿಗೇ ವೇದಿಕೆಗೆ ಬಂದು ಬೀಗಿತ್ತಿಯ ಹಣೆಗೆ ಕುಂಕುಮ ಇಟ್ಟರು.

"ನಿಮ್ ಗಂಟ್ಲು ಇಂಬಾಲ್ಸಕ್ಕೆ ಸಲೀಸು ಕಣವ್ವ. ನಮ್ ಕಡೆ ಪದ ಏಳೋರು ಮ್ಯಾಕ್ಕೆ ಒಂಟೋಯ್ತಾರೆ, ನಮ್ಗೆ ಎಟುಕೋದೇ ಇಲ್ಲ. ಬೆಳಿಗ್ಗೆ ಆರತಿ ಪದಾನೂ ನೀವೇ ಏಳ್ಬೇಕು."

ಹುಡುಗಿಯ ತಾಯಿಯ ಕೈ ಕುತ್ತಿಗೆಯ ಗುರುತಿನ ಹತ್ತಿರ ಹೋಯಿತು, ಸೆರಗು ಎಳೆದುಕೊಳ್ಳಲಿಲ್ಲ, ಹಾಗೇ ಕೆಳಗೆ ಬಂತು. ನನಗೆ ಆ ವಿಡಿಯೋ ನೆನಪಾಯಿತು. ಬಾಯಿ ಮಾತ್ರ ಆಡಿಸುತ್ತಿದ್ದ ಆ ಹೆಂಗಸರೆಲ್ಲ ನೆನಪಾದರು. ಆ ಎತ್ತರದ ದನಿ ಹೋಗಿದ್ದಕ್ಕೆ ನನಗೆ ಈಗಲೂ ಸಂಕಟವೇ. ಆದರೆ ಅದರ ಜೊತೆ ಹಾಡಲಾಗದೆ ನಿಂತವರೂ ಇದ್ದರು ಎಂಬುದನ್ನು ನಾನು ಅವತ್ತು ನೋಡಿಯೂ ನೋಡಿರಲಿಲ್ಲ. ಸುಲಭ ಎನ್ನುವುದು ಹಾಡುವವರ ಗಂಟಲಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಂಡು ಇಷ್ಟು ವರ್ಷ ಹಾಡು ಆರಿಸಿದ್ದೆ.

ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬಂದ ಊರಿನ ಹೆಂಗಸರಿಗೆ ವಿಷಯ ತಿಳಿದು ಸಿಟ್ಟು ಬಂತು. ತಮ್ಮನ್ನು ಬಿಟ್ಟು ಹೇಗೆ ಹಾಡಿದಳು ಎಂದು ಪಕ್ಕದ ಮನೆಯವಳು ಮುಖ ಊದಿಸಿದಳು. ನೀವು ಪಾಯಸ ಬಿಟ್ಟು ಬರಲಿಲ್ಲವಲ್ಲ ಎಂದು ತಾಯಿ ನಕ್ಕರು. ಅವರು ನಗುವುದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಸಾಮಾನು ಕಟ್ಟಿಕೊಂಡು ಅಂದೇ ನಂಜನಗೂಡಿಗೆ ಹೊರಟ ನನ್ನನ್ನು ಹುಡುಗಿ ಬಿಡಲಿಲ್ಲ. ಬೆಳಿಗ್ಗೆ ಧಾರೆ ಮುಗಿದ ಮೇಲೆ ಆರತಿಗೆ ಕರೆದರು. ನಾನು ಅಭ್ಯಾಸಬಲದಿಂದ ಮೈಕಿನ ವೈರು ಬಿಚ್ಚತೊಡಗಿದಾಗ ತಾಯಿ, ಅದು ಬೇಡ ಎಂದು ಕೈಯಾಡಿಸಿದರು. ಆಮೇಲೆ ನನ್ನ ಮೊಣಕೈ ಹಿಡಿದು ಎಳೆದು ಸೊಲ್ಲಿನವರ ಸಾಲಿನಲ್ಲಿ ನಿಲ್ಲಿಸಿದರು. ನನ್ನ ಒಂದು ಪಕ್ಕ ಪಕ್ಕದ ಮನೆಯವಳು, ಇನ್ನೊಂದು ಪಕ್ಕ ಗಂಡಿನ ತಾಯಿ. ಹುಡುಗಿಯ ತಾಯಿ ತಮ್ಮ ತಗ್ಗಿನ ದನಿಯಲ್ಲಿ ಮೊದಲ ಸಾಲು ಹೇಳಿ ನಿಲ್ಲಿಸಿದರು. ಆ ಜಾಗಕ್ಕೆ ನಾವೆಲ್ಲ ಒಟ್ಟಿಗೆ ನುಗ್ಗಿದೆವು. ಅದರಲ್ಲಿ ಮದುಮಗಳ ದನಿಯೂ ಇತ್ತು. ತನ್ನ ಆರತಿಗೆ ತಾನೇ ಹಾಡಬಾರದು ಎಂದು ಹಿಂದಿನಿಂದ ಯಾರೋ ಗದರಿದರು. ಅವಳು ಕೇಳಿಸಿಕೊಳ್ಳಲಿಲ್ಲ, ಅವ್ವನ ಬಾಯಿಯನ್ನೇ ನೋಡುತ್ತಿದ್ದಳು. ಮುಂದಿನ ಸಾಲು ಬರುತ್ತಿತ್ತು.